ಸಂಜೆಯ ಸೊಪ್ಪಿನವನು

ಫೆಬ್ರವರಿ 8

ಎರಡು ವಾರ ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದಂತೆ. ಗಂಟಲೊಳಗಿನ ಗಂಟನ್ನು ತೆಗೆದಾಯಿತು, ಅದರ ತುಣುಕು ಪರೀಕ್ಷೆಗೆ ಹೋಗಿದೆ. ವರದಿ ಬರುವವರೆಗೆ ಏನನ್ನೂ ಊಹಿಸಿಕೊಳ್ಳಬೇಡಿ ಅಂದರು. ಊಹೆಗೆ ಧ್ವನಿ ಬೇಕಾಗುವುದಿಲ್ಲ.

ಜಯನಗರದ ಆ ಕ್ಲಿನಿಕ್ಕಿನಿಂದ ಇಳಿಯುವಾಗ ಲಿಫ್ಟು 'ಬಾಗಿಲು ಮುಚ್ಚುತ್ತಿದೆ' ಎಂದು ನನ್ನ ಧ್ವನಿಯಲ್ಲೇ ಹೇಳಿತು. ಯಾವಾಗಲೋ ಓದಿಕೊಟ್ಟದ್ದು. ಲಿಫ್ಟುಗಳು, ಬ್ಯಾಂಕಿನ ಫೋನುಗಳು, ಗೊಬ್ಬರದ ಜಾಹೀರಾತು, ಲಸಿಕೆಯ ಪ್ರಕಟಣೆ: ಬೇರೆಯವರು ಬರೆದದ್ದನ್ನು ಓದುವುದು ನನ್ನ ಕಸುಬು. ಜೊತೆಗಿದ್ದ ಹಿರಿಯರೊಬ್ಬರು "ಗ್ರೌಂಡ್ ಫ್ಲೋರ್ ಬಂತಾ ಸಾರ್?" ಎಂದು ನನ್ನನ್ನು ಕೇಳಿದರು. ಲಿಫ್ಟು ಉತ್ತರ ಕೊಟ್ಟಿತು.

ಬರುತ್ತಾ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಒಂದು ಸ್ಲೇಟು, ಬಳಪ ಕೊಂಡೆ. "ಮಗೂಗಾ ಸಾರ್?" ಎಂದ ಅಂಗಡಿಯವನು. ಸ್ಲೇಟಿನ ಮೇಲೆ 'ನನಗೆ' ಎಂದು ಬರೆದು ತೋರಿಸಿದೆ.

ಒಬ್ಬನೇ ಇರುವ ಮನೆಯಲ್ಲಿ ಮೌನ ಶುರುವಾದದ್ದು ಯಾವಾಗ ಎಂದು ಹೇಳುವುದು ಕಷ್ಟ. ಗುರುತಿಗೆಂದು ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿ 11

ಎದುರು ಕಿಟಕಿಯಲ್ಲಿ ಹೊಸ ಸದ್ದು.

ಮನೆಯ ಮಾಲೀಕ ಚಿಕ್ಕಬೈರಪ್ಪ ಈ ಕಟ್ಟಡವನ್ನು ತಮ್ಮ ತಾಯಿಯ ಹಳೆಯ ಮನೆಗೆ ಒತ್ತಿಕೊಂಡಂತೆ ಕಟ್ಟಿಸಿದ್ದಾರೆ. ನಡುವೆ ಒಬ್ಬ ಮನುಷ್ಯ ಓರೆಯಾಗಿ ನುಸುಳಬಹುದಾದಷ್ಟು ಸಂದಿ. ಮೊದಲ ಮಹಡಿಯಲ್ಲಿ ನನ್ನ ಕಿಟಕಿಯೂ ಹಳೆಯ ಮನೆಯ ಕಿಟಕಿಯೂ ಎದುರುಬದುರು. ಕೈ ಚಾಚಿದರೆ ಉಪ್ಪು ಕೊಡಬಹುದು. ಕೆಳಗೆ, ಸಂದಿಯ ಬಾಯಲ್ಲಿರುವ ಜಗಲಿಯ ಮೇಲೆ ತಾಯಿ ಗೌರಮ್ಮ ಕೂತಿರುತ್ತಾರೆ. ಎಪ್ಪತ್ತೈದು ದಾಟಿರಬೇಕು. ಕಣ್ಣು ಮಂಜಾಗಿದೆ, ಕಿವಿ ಆಗಿಲ್ಲ.

ಮೊಮ್ಮಗಳು ಅರ್ಪಿತಳನ್ನು ಇಲ್ಲಿಗೆ ತಂದು ಬಿಟ್ಟಿದ್ದಾರೆ. ಎಸ್ಸೆಸ್ಸೆಲ್ಸಿ. ಶಾಲೆಯಲ್ಲಿ ನಡೆಸಿದ ಪ್ರಿಪರೇಟರಿಯಲ್ಲಿ ಕನ್ನಡವೊಂದು ಬಿಟ್ಟು ಮಿಕ್ಕೆಲ್ಲದರಲ್ಲೂ ಫೇಲು ಎಂದು ಗೌರಮ್ಮ ಹಾಲಿನವನಿಗೆ ಹೇಳುತ್ತಿದ್ದರು. ಪಬ್ಲಿಕ್ ಪರೀಕ್ಷೆ ಮುಂದಿನ ತಿಂಗಳು. ಅಪ್ಪನ ಹೊಸ ಮನೆಯಲ್ಲಿ ಟೀವಿ, ನೆಂಟರು. ಅಜ್ಜಿಯ ಮನೆಯಲ್ಲಿ ಅಜ್ಜಿ ಮಾತ್ರ.

"ಕೇಳಿಸಾಕಿಲ್ಲ ಕಣಮ್ಮಿ, ವಸಿ ಗಟ್ಟಿಯಾಗಿ ಓದು."

"ಓದ್ತಾ ಇದೀನಲ್ಲ ಅಜ್ಜಿ."

"ಮನಸ್ನಲ್ಲಿ ಓದಿದ್ರೆ ಮನಸ್ನಲ್ಲೇ ಪಾಸ್ ಮಾಡ್ತಾರೆ. ಬಾಯ್ಬುಟ್ಟು ಓದು."

ಅವಳು ಬಾಯಿ ಬಿಟ್ಟಳು. ಕಾನ್‌ಸ್ಟಾಂಟಿನೋಪಲ್ಲನ್ನು ತುರ್ಕರು ಹಿಡಿದದ್ದು ಸಂದಿಯ ತುಂಬ ಕೇಳಿಸಿತು. ಪೂರ್ಣವಿರಾಮಗಳಿಲ್ಲದ ಓದು. ಉಸಿರು ಮುಗಿದಲ್ಲಿ ವಾಕ್ಯ ಮುಗಿಯುತ್ತದೆ. ತಿದ್ದಲು ನನಗೆ ಬಾಯಿಲ್ಲ. ಕಿಟಕಿ ಮುಚ್ಚಿದೆ.

ಫೆಬ್ರವರಿ 13

ಕಿಟಕಿ ಮುಚ್ಚಿದರೂ ಕೇಳಿಸುತ್ತದೆ.

ಫೆಬ್ರವರಿ 15

ಭಾನುವಾರ. ಚಿಕ್ಕಬೈರಪ್ಪ ತಾಯಿಯನ್ನು ನೋಡಲು ಬಂದಿದ್ದರು. ಜಗಲಿಯ ಮೇಲೆ ನಿಂತು ಮಗಳ ಕಿಟಕಿಯತ್ತ ಮಾತಾಡಿದರು. ಬೀದಿಗೆಲ್ಲ ಒಂದೊಂದು ಪ್ರತಿ ಸಿಕ್ಕಿತು.

"ಪಾಸಾದ್ರೆ ಪಾಲಿಟೆಕ್ನಿಕ್ಕು, ನಾನೇ ಕರ್ಕೊಂಡೋಗಿ ಸೇರಿಸ್ತೀನಿ. ಫೇಲಾದ್ರೆ ಅಲ್ಲಿಗೆ ಮುಗೀತು. ಎರಡ್ನೇ ಎಕ್ಸಾಮು, ಮೂರ್ನೇ ಎಕ್ಸಾಮು ಅಂತ ಕತೆ ಹೇಳ್ಬೇಡ. ನಿಮ್ಮಣ್ಣಂಗೂ ಹಿಂಗೇ ಕಾದು ಕಾದು ನೋಡ್ದೆ."

ಅಣ್ಣ ಲಿಖಿತ್ ಈಗ ನೀರಿನ ಟ್ಯಾಂಕರು ನೋಡಿಕೊಳ್ಳುತ್ತಾನೆ. ಆ ಮನೆಯಲ್ಲಿ ಹತ್ತನೇ ತರಗತಿ ದಾಟಿದವರು ಇನ್ನೂ ಯಾರೂ ಇಲ್ಲ. ಎಲ್ಲರೂ ಓದಿದ್ದು ಅದೇ ಶಾಲೆ, ಅದೇ ಕನ್ನಡ ಮಾಧ್ಯಮ.

"ನೀನು ಓದ್ತಿದ್ರೆ ಬೀದಿ ಕೊನೇಗಂಟ ಕೇಳ್ತಿತ್ತು ಕಣಪ್ಪ," ಎಂದರು ಗೌರಮ್ಮ, ಮಗನಿಗೆ.

"ಆದ್ರೂ ಫೇಲಾದ್ರಲ್ಲ ಅಜ್ಜಿ," ಮೇಲಿನಿಂದ ಅರ್ಪಿತ.

"ಅಷ್ಟು ಓದಿದ್ದಕ್ಕೆ ಬರೀ ಫೇಲಾದ. ಓದ್ದೆ ಇದ್ದಿದ್ರೆ ಏನಾಗ್ತಿದ್ನೋ."

ಚಿಕ್ಕಬೈರಪ್ಪ ನಕ್ಕರು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಫೆಬ್ರವರಿ 17

ಒಂದು ವಿಚಿತ್ರ. ಸಂಜೆ ಅರ್ಪಿತ ಓದುತ್ತಿದ್ದಾಗ ಬೀದಿಯಲ್ಲಿ ಸೊಪ್ಪಿನವನ ಕೂಗು: ದಂಟು, ಕೀರೆ, ಮೆಂತ್ಯ, ಸಬ್ಬಸಿಗೆ. ಅವನು ಬರುವುದು ಬೆಳಿಗ್ಗೆ, ಸೊಪ್ಪಿನ ಮೇಲೆ ನೀರು ಆರುವ ಮೊದಲು. ಸಂಜೆ ಅವನನ್ನು ನಾನು ಕಂಡದ್ದಿಲ್ಲ.

ನೆನಪು ಮಾಡಿಕೊಂಡರೆ ನಿನ್ನೆ ಸಂಜೆಯೂ ಕೂಗಿದ್ದ. ತುರ್ಕರು ನಗರ ಹಿಡಿದ ಮೇಲೆ ಅವಳು ಎರಡು ಸಲ ಕೆಮ್ಮಿದಳು, 'ವ್ಯಾಪಾರ' ಎಂಬಲ್ಲಿ ತಡವರಿಸಿದಳು, ಆಗ ಸೊಪ್ಪಿನವನು. ನಿನ್ನೆಯೂ ಅದೇ ಎರಡು ಕೆಮ್ಮು, ಅದೇ ತಡವರಿಕೆ.

ಜೀವನವಿಡೀ ರೆಕಾರ್ಡಿಂಗ್ ಕೋಣೆಯಲ್ಲಿ ಕಳೆದವನಿಗೆ ಮೊದಲ ದಿನವೇ ತಿಳಿಯಬೇಕಿತ್ತು. ಹುಡುಗಿ ಬೆಳಿಗ್ಗೆ ಒಂದು ಸಲ ಓದಿ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಾಳೆ. ಸಂಜೆ ಫೋನು ಓದುತ್ತದೆ, ಅವಳು ಮಲಗಿರುತ್ತಾಳೆ.

ನನಗೇನು.

ಫೆಬ್ರವರಿ 19

ಲ್ಯಾಬಿನಿಂದ ಫೋನಿಗೆ ವರದಿ ಬಂದಿದೆ. ತೆರೆಯಲಿಲ್ಲ.

ಸಂಜೆ ಸೊಪ್ಪಿನವನು ಕೂಗಿದಾಗ ಗೌರಮ್ಮ ಬುಟ್ಟಿ ಹಿಡಿದು ಗೇಟಿನವರೆಗೆ ಹೋದರು. ಆಚೆ ಈಚೆ ನೋಡಿದರು. "ಈಗ ಕೂಗ್ದನಲ್ಲ," ಎಂದು ಯಾರಿಗೋ ಹೇಳಿ ಖಾಲಿ ಬುಟ್ಟಿಯೊಡನೆ ಮರಳಿದರು. ಮಂಡಿ ನೋವಿನವರು. ಜಗಲಿಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿದುಕೊಂಡರು.

ಅದನ್ನು ನೋಡಿ ಸಿಟ್ಟು ಬಂತು. ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ.

ಫೆಬ್ರವರಿ 20

ಸ್ಲೇಟಿನ ಮೇಲೆ 'ಸೊಪ್ಪಿನವನು ಬರುವುದು ಬೆಳಿಗ್ಗೆ' ಎಂದು ಬರೆದು ಕಿಟಕಿಯ ಸರಳಿಗೆ ಬಳಪದಿಂದ ಬಡಿದೆ. ಎದುರಿನ ಪರದೆ ಸರಿಯಿತು. ಎರಡು ಜಡೆ, ನಿದ್ದೆಯ ಗುರುತಿಲ್ಲದ ಮುಖ. ಅವಳ ಹಿಂದೆ ಎಲ್ಲೋ ಅವಳ ಧ್ವನಿಯೇ ಓದುತ್ತಿತ್ತು.

ಸ್ಲೇಟು ಓದಿದಳು. ಕೆಳಗೆ ಬಗ್ಗಿ ನೋಡಿದಳು.

"ಅಜ್ಜಿಗೆ ಹೇಳ್ಬಿಡ್ತೀರಾ ಅಂಕಲ್?"

ನನ್ನ ಗಂಟಲು ತೋರಿಸಿದೆ.

"ಹೌದಲ್ಲ. ನಿಮ್ಗೆ ಮಾತೇ ಬರಲ್ಲ." ಅವಳಿಗೆ ಸಮಾಧಾನವಾಯಿತು.

'ನಿದ್ದೆಯಾ?' ಎಂದು ಬರೆದೆ. ಅವಳಿಗೆ ಅವಮಾನವಾದಂತಿತ್ತು. ಒಳಗೆ ಹೋಗಿ ಒಂದು ಕಂತೆ ಹಾಳೆ ತಂದು ಸರಳಿಗೆ ಒತ್ತಿ ಹಿಡಿದಳು. ಎರಡೂ ಬದಿ ಬರೆದದ್ದು, ಹೊಡೆದುಹಾಕಿದ್ದು, ಮತ್ತೆ ಬರೆದದ್ದು.

"ಗಟ್ಟಿಯಾಗಿ ಓದಿದ್ರೆ ನಂಗೇನೂ ಒಳಗೆ ಹೋಗಲ್ಲ ಅಂಕಲ್. ಬಾಯಿ ಓದ್ತಾ ಇರುತ್ತೆ, ನಾನು ಎಲ್ಲೋ ಇರ್ತೀನಿ. ಇಡೀ ವರ್ಷ ಹಂಗೇ ಓದಿದ್ದು. ಪ್ರಿಪರೇಟರಿಲಿ ಪೇಪರ್ ಕೊಟ್ರೆ ಒಂದು ಪ್ರಶ್ನೆನೂ ನೋಡ್ದಂಗೇ ಇಲ್ಲ. ಬರೆದ್ರೆ ನಿಲ್ಲುತ್ತೆ. ಅದು ಗೊತ್ತಾಗಿದ್ದೇ ಈಗ, ಹದಿನೈದು ದಿನದಿಂದೀಚೆ. ಆದ್ರೆ ಸದ್ದು ನಿಂತ್ರೆ ಅಜ್ಜಿ ಮೆಟ್ಲು ಹತ್ತಿ ಬರ್ತಾರೆ, ಮಂಡಿ ಹಿಡ್ಕೊಂಡು. ಅದಕ್ಕೇ ಫೋನು. ಸಖತ್ತಾಗಿ ನಡೀತಿತ್ತು, ಆ ಸೊಪ್ಪಿನೋನು ಹಾಳು ಮಾಡ್ದ."

'ಕೆಮ್ಮು ದಿನಾ ಅದೇ ಜಾಗದಲ್ಲಿ' ಎಂದು ಬರೆದೆ.

ಅವಳು ನಕ್ಕಳು. ಒಳಗಿನ ಅರ್ಪಿತ ಆಗಲೇ ಎರಡು ಸಲ ಕೆಮ್ಮಿದಳು.

ಈ ವಂಚನೆಯಲ್ಲಿ ನನಗೇನೂ ಪಾಲಿಲ್ಲ ಎಂದುಕೊಂಡೆ. ಆಮೇಲೆ ಸ್ಲೇಟು ಒರೆಸಿ, ನನ್ನ ಫೋನ್ ನಂಬರು ಬರೆದು, 'ಫೈಲು ಕಳಿಸು' ಎಂದೆ. ಕಸುಬಿನ ಚಟ.

ಫೆಬ್ರವರಿ 22

ದಿನವಿಡೀ ಕಂಪ್ಯೂಟರಿನ ಮುಂದೆ. ಸೊಪ್ಪಿನವನನ್ನು ತೆಗೆದೆ. ಕೆಮ್ಮುಗಳನ್ನು ಕತ್ತರಿಸಿ ಬೇರೆ ಬೇರೆ ಕಡೆ ಹಂಚಿದೆ. ಬೆಳಿಗ್ಗೆ ಹೊಸದಾಗಿ ಓದಿಸಿಕೊಂಡ ಪಾಠಗಳನ್ನು ಸೇರಿಸಿ, ಒಂದೇ ಸರದಿ ಎರಡು ಸಂಜೆ ಬರದಂತೆ ಜೋಡಿಸಿದೆ. ತಡವರಿಕೆಗಳನ್ನು ಮಾತ್ರ ಉಳಿಸಿದೆ. ತಪ್ಪೇ ಇಲ್ಲದ ಓದು ಯಾರದ್ದೂ ಅಲ್ಲ ಅನ್ನಿಸುತ್ತದೆ. ನನ್ನ ಓದು ಬಹಳ ಕಾಲದಿಂದ ಹಾಗೆ.

ಬಕ್ಸಾರ್ ಕದನದ ಪರಿಣಾಮಗಳು ನನಗೀಗ ಬಾಯಿಪಾಠ.

ಇವತ್ತಿಗೆ ಎರಡು ವಾರ. ನಾಳೆ ಡಾಕ್ಟರಲ್ಲಿಗೆ ಹೋಗಬೇಕಿತ್ತು, ಮುಂದಕ್ಕೆ ಹಾಕಿಸಿದೆ. ಕ್ಲಿನಿಕ್ಕಿನವರು ಕಾರಣ ಕೇಳಿ ಮೆಸೇಜು ಹಾಕಿದ್ದರು. 'ಪರೀಕ್ಷೆ ಇದೆ' ಎಂದು ಉತ್ತರ ಕೊಟ್ಟೆ.

ಫೆಬ್ರವರಿ 26

ಸ್ಟುಡಿಯೋದ ಪ್ರಮೋದ್ ಧ್ವನಿಸಂದೇಶ ಕಳಿಸಿದ್ದಾನೆ. "ಚಕ್ರಪಾಣಿ ಸಾರ್, ಹುಷಾರಾಗಿದೀರಾ. ಒಂದು ವಿಷ್ಯ. ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲ ನಮ್ಮತ್ರ ಇದೆ. ಮಷೀನಿಗೆ ಕಲಿಸಿಬಿಟ್ರೆ ನೀವು ಬರದೆ ಇದ್ರೂ ಕೆಲ್ಸ ನಡೆಯುತ್ತೆ, ನಿಮ್ದೇ ವಾಯ್ಸು. ಒಂದು ಪರ್ಮಿಷನ್ ಕೊಟ್ಬಿಡಿ ಸಾಕು."

ಎರಡು ಸಲ ಕೇಳಿದೆ. ತರ್ಕದಲ್ಲಿ ತಪ್ಪಿಲ್ಲ. ಎದುರು ಕಿಟಕಿಯಿಂದ ಅರ್ಪಿತಳ ಫೋನು ಮಣ್ಣಿನ ಪಾಠ ಓದುತ್ತಿತ್ತು. ಯೋಚಿಸಿ ಹೇಳುತ್ತೇನೆ ಎಂದು ಬರೆದೆ.

ಮಾರ್ಚ್ 1

ಹಾಲ್ ಟಿಕೆಟ್ ಬಂದಿದೆ. ಅದರ ಹಿಂದೆಯೇ ಚಿಕ್ಕಬೈರಪ್ಪನವರೂ ಬಂದರು. "ಫೋನ್ ಕೊಡು ಇಲ್ಲಿ. ಎಕ್ಸಾಮ್ ಮುಗಿಯೋವರ್ಗೂ ಇದು ನನ್ನತ್ರ ಇರುತ್ತೆ." ಸದ್ಯ, ಒಳಗೇನಿದೆ ಎಂದು ನೋಡಲಿಲ್ಲ.

ಅವರ ಕಾರು ತಿರುವು ದಾಟಿದ ಮೇಲೆ ಅರ್ಪಿತ ಕಿಟಕಿಗೆ ಬಂದು ಬರಿಗೈ ತೋರಿಸಿದಳು.

ನನ್ನ ದೊಡ್ಡ ಸ್ಪೀಕರನ್ನು ಕಿಟಕಿಗೆ ತಂದು ಸಂದಿಯತ್ತ ಮುಖ ಮಾಡಿ ಇಟ್ಟೆ. ಸಂಜೆ ನನ್ನ ಮನೆಯಿಂದ ಅವಳು ಓದಿದಳು. ಅವಳ ಮನೆಯಲ್ಲಿ ಅವಳು ಕೂತು ಬರೆದಳು. ಕೆಳಗಿನಿಂದ ಗೌರಮ್ಮ: "ಇವತ್ತು ಚೆಂದಾಗಿ ಕೇಳ್ತಾ ಐತೆ ಕಣಮ್ಮಿ. ಗಂಟ್ಲು ತೆರೀತು ನೋಡು."

ಮಾರ್ಚ್ 3

ಶಾಲೆಯವರು ಪಾಸಿಂಗ್ ಪ್ಯಾಕೇಜ್ ಎಂದು ಕೆಲವು ಜೆರಾಕ್ಸು ಹಾಳೆ ಕೊಟ್ಟಿದ್ದಾರೆ. ಇಷ್ಟು ಬರೆದರೆ ಪಾಸು. ಉಳಿದ ಪಾಠಗಳ ಮೇಲೆ ಪೆನ್ಸಿಲ್ಲಿನ ಗೀಟು. ಅರ್ಪಿತ ಗಣಿತದ ಗೀಟುಗಳನ್ನು ಒಪ್ಪಿದ್ದಾಳೆ, ಸಮಾಜ ವಿಜ್ಞಾನದ್ದನ್ನು ಅರ್ಧ ಮಾತ್ರ. ನನಗೆ ಅವಳ ಉತ್ತರಗಳನ್ನು ನೋಡುವ ಕೆಲಸ. ಹಾಳೆ ಸರಳಿನ ಮೂಲಕ ಬರುತ್ತದೆ, ಟಿಪ್ಪಣಿ ಸ್ಲೇಟಿನ ಮೇಲೆ ಹೋಗುತ್ತದೆ.

ಪಾಲಿಟೆಕ್ನಿಕ್ಕಿನಲ್ಲಿ ಏನು ಓದುತ್ತೀ ಎಂದು ಕೇಳಿದೆ.

"ಸಿವಿಲ್ಲು."

'ಯಾಕೆ?'

"ನಮ್ಮಪ್ಪ ಕಟ್ಟೋ ಬಿಲ್ಡಿಂಗ್ ನೋಡಿದೀರಲ್ಲ ಅಂಕಲ್," ಎಂದು ಸಂದಿಯೊಳಗೆ ಕೈಯಾಡಿಸಿದಳು. "ಒಂದು ಗಾಳಿ ಇಲ್ಲ, ಬೆಳಕಿಲ್ಲ. ಅಜ್ಜಿ ಮನೆ ಪೂರ್ತಿ ಕತ್ಲು ಮಾಡ್ಬಿಟ್ರು. ಕೇಳಿದ್ರೆ, ನಿಂಗೇನ್ ಗೊತ್ತು ಅಂತಾರೆ. ಗೊತ್ತಿರೋರು ಒಬ್ರಾದ್ರೂ ಬೇಡ್ವಾ ಮನೇಲಿ?"

ಮಾತು ಬಿಟ್ಟು ಮೂರು ವಾರ ದಾಟಿತು. ಡಾಕ್ಟರು ಹೇಳಿದ್ದು ಎರಡು.

ಮಾರ್ಚ್ 6

ನಡೆದದ್ದನ್ನು ನಡೆದ ಸರದಿಯಲ್ಲೇ ಬರೆಯುತ್ತೇನೆ.

ದೀಪ ಹಚ್ಚುವ ಹೊತ್ತು. ಸ್ಪೀಕರು ಮಣ್ಣಿನ ಪಾಠ ಓದುತ್ತಿತ್ತು. ಎದುರಿಗೆ ಅರ್ಪಿತ ಗಣಿತ ಮಾಡುತ್ತಿದ್ದಳು. 'ಹತ್ತಿ ಬೆಳೆಗೆ ಕಪ್ಪು ಮಣ್ಣು ಸೂಕ್ತ, ಏಕೆಂದರೆ' ಎಂಬಲ್ಲಿ ಕರೆಂಟು ಹೋಯಿತು.

ಮಿಕ್ಸಿಗಳು, ಟೀವಿಗಳು, ಪಂಪು, ಎಲ್ಲ ಒಟ್ಟಿಗೆ ನಿಂತವು. ಸಾರಕ್ಕಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಆ ನಿಶ್ಶಬ್ದದೊಳಕ್ಕೆ ಕೆಳಗಿನಿಂದ ಗೌರಮ್ಮನ ಧ್ವನಿ, ನಿಧಾನವಾಗಿ:

"ಏನಮ್ಮಿ, ಕರೆಂಟ್ ಹೋದ್ರೆ ಬಾಯೂ ಹೋಯ್ತದಾ?"

ಅರ್ಪಿತ ಕಿಟಕಿಗೆ ಬಂದಳು. ಮಬ್ಬಿನಲ್ಲಿ ಮುಖ ಕಾಣುತ್ತಿರಲಿಲ್ಲ, ಸರಳು ಹಿಡಿದ ಬೆರಳುಗಳು ಕಾಣುತ್ತಿದ್ದವು. ಎಲ್ಲಿಗೆ ನಿಂತಿತ್ತೆಂದು ಅವಳಿಗೆ ಗೊತ್ತಿಲ್ಲ, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದವನು ನಾನು.

"ಏಕೆಂದರೆ ಅದು ತೇವವನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ."

ತಗಡಿನ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದಂತಿತ್ತು. ಅದು ನನ್ನ ಧ್ವನಿಯೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

"ಯಾರದು?" ಕೆಳಗಿನಿಂದ. ಸ್ವಲ್ಪ ತಡೆದು, "ಮೇಲಿನ ಸಾರಾ? ಮೌನವ್ರತ ಮುಗೀತಾ?"

ನಾನು ವ್ರತ ಹಿಡಿದಿದ್ದೇನೆಂದು ಅವರು ತಿಳಿದಿದ್ದರು ಎಂಬುದೂ ಆಗಲೇ ಗೊತ್ತಾದದ್ದು.

"ಮುಗಿಯಿತು," ಎಂದೆ.

"ಹಂಗಾದ್ರೆ ನಿಲ್ಲಿಸ್ಬೇಡಿ. ಮಗು ಬರ್ಕೊಳ್ಳಿ."

ಮಗು ಓದಲಿ ಎನ್ನಲಿಲ್ಲ. ನಾನು ಆ ಕತ್ತಲಲ್ಲಿ ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣು, ಮರುಭೂಮಿಯ ಮಣ್ಣು ಎಲ್ಲ ಹೇಳಿದೆ. ಸವೆತದ ಕಾರಣಗಳಿಗೆ ಬಂದಾಗ ಕರೆಂಟು ಬಂತು. ಕಂಪ್ಯೂಟರು ತನ್ನ ಬ್ಯಾಟರಿಯ ಮೇಲೆ ಅಷ್ಟು ಹೊತ್ತೂ ಓಡುತ್ತಲೇ ಇತ್ತು. ಸ್ಪೀಕರಿಗೆ ಜೀವ ಬಂದದ್ದೇ ಪ್ಲಾಸಿ ಕದನದ ನಟ್ಟನಡುವಿನಿಂದ ಅರ್ಪಿತ ಗಟ್ಟಿಯಾಗಿ ಓದತೊಡಗಿದಳು. ಎದುರು ಕಿಟಕಿಯ ಬೆಳಕಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಅರ್ಪಿತ. ಕೆಳಗಿದ್ದವರಿಗೆ, ಕಣ್ಣು ಮಂಜಾಗಿದ್ದರೂ, ಓದುವ ಅರ್ಪಿತಳೂ ನಿಂತ ಅರ್ಪಿತಳೂ ಸ್ಪಷ್ಟ.

ಗೌರಮ್ಮ ಮೊರ ಎತ್ತಿಕೊಂಡು ಎದ್ದರು.

"ಇಬ್ರಾದ್ರಾ ಈಗ. ಅದ್ರಲ್ಲಿ ಹಸಿವಾದೋಳು ಊಟಕ್ಕೆ ಬಾರಮ್ಮಿ."

ಮಾರ್ಚ್ 7

ಹಾಲು ತರಲು ಇಳಿದಾಗ ಗೌರಮ್ಮ ದಂಟು ಬಿಡಿಸುತ್ತಿದ್ದರು.

"ನೀವು ಬಂದ್ಮೇಲೆ ಸಂಜೆ ಸೊಪ್ಪಿನೋನು ಬರೋದೇ ನಿಲ್ಲಿಸ್ಬುಟ್ಟ," ಎಂದರು, ಸೊಪ್ಪಿನಿಂದ ತಲೆಯೆತ್ತದೆ.

ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಅವರು ಹೇಳಿದ್ದು ಮೊಮ್ಮಗಳ ಓದಿನೊಳಗೆ ನಾನು ಬಂದದ್ದರ ಬಗ್ಗೆ ಎಂದು ಗೊತ್ತಿತ್ತು.

"ಗೊತ್ತಿದ್ದೂ ಸುಮ್ಮನಿದ್ದಿರಾ?"

"ಮಂಡಿ ನೋವಿದ್ರೂ ಮೆಟ್ಲು ಹತ್ತಕ್ಕೆ ಬರ್ತದೆ ಸಾರ್. ಹತ್ತಿ ನೋಡ್ದೆ. ಬರೀತಿದ್ಲು. ಇಳ್ದು ಬಂದೆ." ಒಂದು ಹಿಡಿ ದಂಟು ಮುರಿದರು. "ಅವ್ಳು ಬರ್ಕೊಳ್ಳಿ. ಆದ್ರೆ ನಂಗೆ ಓದೋ ಸದ್ದು ಬೇಕು. ನಮ್ಮಪ್ಪ ನನ್ನ ಸ್ಕೂಲಿಗೆ ಹಾಕ್ಲಿಲ್ಲ, ಕೇಳ್ಕೊಂಡೇ ಬೆಳ್ದೋಳು ನಾನು, ಮೊದ್ಲು ತಮ್ಮಂದಿರ್ದು, ಆಮೇಲೆ ಮಕ್ಳದ್ದು. ಮಷೀನಿಂದು ಬೇಡ. ನಾನು ಕೆಮ್ಮಿದ್ರೂ ಅದು ನಿಲ್ಲಾಕಿಲ್ಲ, ನಡುವೆ ಹೋಗಿದ್ದು ಹೋಗ್ಬುಡ್ತದೆ."

ಮಾರ್ಚ್ 9

ಡಾಕ್ಟರು ಗದರಿದರು. ಇಷ್ಟು ದಿನ ಮಾತು ಬಿಡುವುದೂ ತಪ್ಪಂತೆ. ಒಂದು ಸಲಕ್ಕೆ ಹತ್ತು ನಿಮಿಷ, ಮಧ್ಯೆ ನೀರು, ವಿಶ್ರಾಂತಿ. "ವರದಿ ನೋಡಿದ್ರಾ?" ಎಂದರು. ಫೋನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದೆ. ಜೇಬಿನಲ್ಲಿ ಅದು ಒಂದು ಸಲ ನಡುಗಿತು. ಅವರು ತಮ್ಮ ಕಂಪ್ಯೂಟರಿನತ್ತ ತಿರುಗುವಷ್ಟರಲ್ಲಿ, ಸಂಜೆ ನಾನೇ ನೋಡಿ ಫೋನು ಮಾಡುತ್ತೇನೆಂದು ಎದ್ದುಬಂದೆ.

ಲಿಫ್ಟಿನಲ್ಲಿ ನನ್ನ ಧ್ವನಿ ಚೆನ್ನಾಗಿತ್ತು. ಯಾವ ಅಡ್ಡಿಯೂ ಇಲ್ಲದ್ದು. ಮನೆಗೆ ಬಂದು ಕಿಟಕಿಯಲ್ಲಿ ಕೂತು ಗೌರಮ್ಮನಿಗೆ ಜಲ ಸಂಪನ್ಮೂಲದ ಪಾಠ ಓದಿದೆ.

ಮಾರ್ಚ್ 11

ಗೌರಮ್ಮನಿಗೆ ಓದುವುದು ಸುಲಭವಲ್ಲ. ಕೆಮ್ಮುತ್ತಾರೆ, ನಿಲ್ಲಬೇಕು. ತರಕಾರಿಯವಳೊಡನೆ ಮಾತಾಡುತ್ತಾರೆ, ಕಾಯಬೇಕು. ಇವತ್ತು ಮಣ್ಣಿನ ಪಾಠ ಮತ್ತೊಮ್ಮೆ. ಕೆಂಪು ಮಣ್ಣಿನಲ್ಲಿ ರಾಗಿ, ಕಡಲೆಕಾಯಿ ಬೆಳೆಯುತ್ತವೆ ಎಂದು ಓದಿದಾಗ, "ಅಲ್ಲೇ ತಡೀರಿ ಸಾರ್," ಎಂದರು.

"ನಿಮ್ಮ ಬಚ್ಚಲು ಐತಲ್ಲ, ಅದು ಇರೋದು ನಮ್ಮ ರಾಗಿ ಹೊಲದಲ್ಲಿ. ಬದುವಿನ ಮೇಲೆ ಒಂದು ಹೊಂಗೆ ಮರ. ಅದು ಈಗ ನಿಮ್ಮ ಗ್ಯಾಸ್ ಸ್ಟವ್ ತಾವ ಬರ್ಬೇಕು."

ಮೇಲಿನಿಂದ ಅರ್ಪಿತ: "ಅಜ್ಜಿ, ಅದು ಪರೀಕ್ಷೆಗೆ ಬರಲ್ಲ."

"ಬರ್ದೆ ಹೋದ್ರೆ ಪರೀಕ್ಷೆಗೇ ನಷ್ಟ."

ಸ್ಲೇಟನ್ನು ಅರ್ಪಿತಳಿಗೆ ಕೊಟ್ಟೆ. ಲೆಕ್ಕ ಮಾಡಿ ಒರೆಸಲು ಹಾಳೆಗಿಂತ ವಾಸಿಯಂತೆ.

ಮಾರ್ಚ್ 14

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾದರಿ ಪ್ರಶ್ನೆಪತ್ರಿಕೆಯನ್ನು ಅರ್ಪಿತಳ ಗೆಳತಿ ಪ್ರೇರಣಾ ನನ್ನ ಫೋನಿಗೆ ಕಳಿಸಿದ್ದಳು. ಅದನ್ನು ಹುಡುಕುವಾಗ ಬೇರೆಯದು ತೆರೆದುಕೊಂಡಿತು. ಲ್ಯಾಬಿನ ವರದಿ. ಮೂರು ಪುಟ; ಕೊನೆಯ ಸಾಲಿನ ಪ್ರಕಾರ ಅಪಾಯದ್ದೇನೂ ಇಲ್ಲ.

ಮಾದರಿ ಪತ್ರಿಕೆ ಅದರ ಕೆಳಗಿತ್ತು. ಗಣಿತದಲ್ಲಿ ಪ್ರಮೇಯ ಕೇಳಿದ್ದಾರೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಅರ್ಪಿತ ನಾಲ್ಕೂ ತಲೆಬರಹ ಹಾಕಿ, ಮೂರನೆಯದರಲ್ಲಿ ಸಿಕ್ಕಿಕೊಂಡು ಅತ್ತಳು. ಚಿತ್ರದಲ್ಲಿ ಇಲ್ಲದ ಒಂದು ಗೆರೆಯನ್ನು ನಾವೇ ಎಳೆದುಕೊಳ್ಳಬೇಕು ಎಂಬುದು ಅವಳಿಗೆ ಅನ್ಯಾಯವಾಗಿ ಕಾಣುತ್ತದೆ. ಸಂಜೆಯೊಳಗೆ ಎಳೆದಳು.

ಪ್ರಮೋದ್‌ಗೆ ಬೇಡ ಎಂದು ಬರೆದೆ. ಕಾರಣ ಬರೆಯಲು ಹೊರಟು ಅಳಿಸಿದೆ.

ಮಾರ್ಚ್ 17

ನಾಳೆ ಶುರು. ಅರ್ಪಿತ ಊಟ ಮಾಡಲಿಲ್ಲ. ಕಿಟಕಿಗೆ ಬಂದು, "ಅಂಕಲ್, ಇನ್ನೊಂದು ತಿಂಗ್ಳು ಇದ್ದಿದ್ರೆ," ಎಂದಳು.

ಇದಕ್ಕೆ ಬೇರೆಯವರು ಬರೆದುಕೊಟ್ಟ ವಾಕ್ಯವಿರಲಿಲ್ಲ.

"ಇಲ್ಲ," ಎಂದೆ. "ಇಷ್ಟೇ ಇರುವುದು."

ಅವಳು ತಲೆಯಾಡಿಸಿ ಹೋಗಿ ಕೂತಳು.

ಮಾರ್ಚ್ 19

ಯುಗಾದಿ. ಸರಳಿನ ಮೂಲಕ ಬೇವು ಬೆಲ್ಲವೂ ಆಮೇಲೆ ಒಬ್ಬಟ್ಟೂ ಬಂದವು. ಕನ್ನಡ ಪತ್ರಿಕೆ ಸುಲಭವಿತ್ತಂತೆ. ಅದು ಯಾವಾಗಲೂ ಅವಳಿಗೆ ಸುಲಭವೇ.

ಮಾರ್ಚ್ 28

ಗಣಿತ ಮುಗಿಸಿ ಬಂದವಳು ನೇರ ಮೆಟ್ಟಿಲು ಹತ್ತಿ ಹೋದಳು. ಸಂಜೆ ಸ್ಲೇಟು ಎದುರು ಕಿಟಕಿಯಲ್ಲಿ ಕಾಣಿಸಿಕೊಂಡಿತು: 'ಗೆರೆ ಎಳೆದೆ. ಮಿಕ್ಕಿದ್ದು ಗೊತ್ತಿಲ್ಲ.'

ಏಪ್ರಿಲ್ 2

ಕೊನೆಯ ದಿನ, ಸಮಾಜ ವಿಜ್ಞಾನ. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನಿಂತು ಮಣ್ಣುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಯಾವಾಗ ಶುರು ಮಾಡಿದೆನೋ ತಿಳಿಯದು. ಹೊಂಗೆ ಮರ ಇದ್ದಿರಬಹುದಾದ ಜಾಗದಲ್ಲಿ ಹಾಲು ಉಕ್ಕಿತು.

ಮಧ್ಯಾಹ್ನ ಲಿಖಿತ್ ಟ್ಯಾಂಕರಿನಲ್ಲೇ ಬಂದು ತಂಗಿಯನ್ನೂ ಅವಳ ಬಟ್ಟೆಯ ಚೀಲವನ್ನೂ ಕರೆದುಕೊಂಡು ಹೋದ. ಮುಂದಿನ ಸೀಟಿನಿಂದ ಅವಳು ಕೂಗಿದಳು, "ಬರ್ತೀನಿ ಅಜ್ಜಿ. ಅಂಕಲ್, ಕಪ್ಪು ಮಣ್ಣು ಬಂದಿತ್ತು."

"ಏಕೆಂದರೆ?" ಎಂದೆ. ಟ್ಯಾಂಕರಿನ ಸದ್ದಿನಲ್ಲಿ ಕೇಳಿಸಿರಲಾರದು.

ಏಪ್ರಿಲ್ 9

ಬರೆಯಲು ಏನೂ ಇಲ್ಲ. ಸ್ಟುಡಿಯೋಗೆ ಒಂದು ದಿನ ಹೋಗಿಬಂದೆ. ಧ್ವನಿ ಹಿಂದಿನಂತಿಲ್ಲ ಅಂದರು. ನಿಜ. ಒಂದು ಕಡೆ ಒರಟು ಉಳಿದುಕೊಂಡಿದೆ. ಅಳಿಸಬೇಕೆ ಎಂದು ಪ್ರಮೋದ್ ಕೇಳಿದ. ಇರಲಿ ಎಂದೆ.

ಸಂಜೆ ಎದುರು ಕಿಟಕಿ ಕತ್ತಲು. ಗೌರಮ್ಮ ಜಗಲಿಯ ಮೇಲೆ ಕೂತಿರುತ್ತಾರೆ, ಮಡಿಲಲ್ಲಿ ಕೈ.

ಏಪ್ರಿಲ್ 24

ಫಲಿತಾಂಶ. ನಂಬರು ನನಗೆ ಬಾಯಿಪಾಠವಿತ್ತು. ಪುಟ ತೆರೆದುಕೊಳ್ಳಲು ಬೆಳಗಿನ ಅರ್ಧ ಹೋಯಿತು. ಗಣಿತ ಮೂವತ್ತಾರು. ಸಮಾಜ ವಿಜ್ಞಾನ ಅರವತ್ತೆಂಟು. ಮಿಕ್ಕವು ಆ ನಡುವೆ, ಕನ್ನಡ ಮೇಲೆ. ಪಾಸು. ಮೂವತ್ತಾರನ್ನು ಇನ್ನೊಮ್ಮೆ ನೋಡಿದೆ. ಆ ಗೆರೆಗೆ ಎಷ್ಟು ಅಂಕವಿತ್ತೋ.

ಚಿಕ್ಕಬೈರಪ್ಪ ಜಹಾಂಗೀರಿನ ಡಬ್ಬ ಹಿಡಿದು ಬಂದರು, ಹಿಂದೆ ಅರ್ಪಿತ. "ನಮ್ಮ ಮನೇಲಿ ಫಸ್ಟು ಸಾರ್ ಇವ್ಳು. ನಾಳೆ ಹೋಗಿ ಪಾಲಿಟೆಕ್ನಿಕ್ ಅರ್ಜಿ ತರ್ತೀನಿ. ಅದೇನೋ ಸಿವಿಲ್ ಅಂತೆ." ಮಗಳು ತಲೆಯೆತ್ತಿ, ತನ್ನಪ್ಪ ಕಟ್ಟಿಸಿದ ಗೋಡೆಯನ್ನು ಮೇಲಿಂದ ಕೆಳಗೆ ಅಳೆಯುವವಳಂತೆ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಏಕೆಂದರೆ ತೇವ ಹಿಡಿದಿಟ್ಟುಕೊಳ್ಳುತ್ತೆ," ಎಂದಳು. ಅಂದರೆ ಅವತ್ತು ಕೇಳಿಸಿತ್ತು.

ಅವರು ಹೋದ ಮೇಲೆ ಗೌರಮ್ಮ ಜಹಾಂಗೀರನ್ನು ಮುರಿದು ಅರ್ಧ ನನಗೆ ಕೊಟ್ಟರು.

"ಪಾಸಂತೆ."

"ಹೌದು, ಪಾಸು."

"ಇಷ್ಟು ಜನ ಓದೋದು ಕೇಳ್ದೆ, ಪಾಸ್ ಆಗಿದ್ದು ಸದ್ದಿಲ್ದೆ ಬರ್ದೋಳು." ತಿಂದು ಮುಗಿಸಿ ಸೆರಗಿನಿಂದ ಬೆರಳು ಒರೆಸಿಕೊಂಡರು. "ಇನ್ನು ಈ ಕಡೆ ಓದೋಕೆ ಯಾರೂ ಬರಾಕಿಲ್ಲ."

ಸಂಜೆ ಕಿಟಕಿ ತೆರೆದೆ. ಸಮಾಜ ವಿಜ್ಞಾನದ ಪುಸ್ತಕ, ಅದರ ಮೇಲೆ ಸ್ಲೇಟು, ಎದುರು ಕಿಟಕಿಯ ಕಟ್ಟೆಯ ಮೇಲೆ ಅವಳು ಬಿಟ್ಟುಹೋದಲ್ಲೇ ಇದ್ದವು. ಕೈ ಚಾಚಿ ಪುಸ್ತಕ ತೆಗೆದುಕೊಂಡೆ. ಸರಳಿನ ನಡುವೆ ಅದು ಓರೆಯಾಗಿ ಬಂತು. ಪ್ಯಾಕೇಜಿನವರು ಗೀಟು ಹಾಕಿ ಬಿಟ್ಟಿದ್ದ ಒಂದು ಪಾಠ ತೆರೆದೆ, ಅರಣ್ಯಗಳದ್ದು. ಮೊದಲ ಸಾಲನ್ನು ನನಗೆ ಮಾತ್ರ ಕೇಳುವಷ್ಟು ಓದಿದೆ.

"ಕೇಳಿಸಾಕಿಲ್ಲ ಸಾರ್," ಕೆಳಗಿನಿಂದ. "ವಸಿ ಗಟ್ಟಿಯಾಗಿ."

ಮೊದಲಿನಿಂದ ಶುರು ಮಾಡಿದೆ. ಒರಟು ಎಲ್ಲಿತ್ತೋ ಅಲ್ಲೇ ಇತ್ತು. ಎರಡನೆಯ ಪುಟದ ನಡುವೆ ಅವರು ಕೆಮ್ಮಿದರು. ನಿಲ್ಲಿಸಿದೆ.